ಒಂದರಿಂದ ಆರಕ್ಕೇರಿ ಇಳಿಯುವ ಸಂಖ್ಯೆ

ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಭಾಗಾಕಾರ ಕಲಿಸಲು ಕೊಟ್ಟ ಲೆಕ್ಕಗಳ ನಡುವೆ ಒಂದು ವಿಚಿತ್ರ ಲೆಕ್ಕವಿದೆ. ಒಂದರಿಂದ ಹೊರಟು ಆರರವರೆಗೆ ಏರಿ, ಆಮೇಲೆ ಅದೇ ಕ್ರಮದಲ್ಲಿ ಇಳಿಯುವ ಅಂಕಿಗಳಷ್ಟು ಚಿನ್ನವನ್ನು 441 ಜನರಿಗೆ ಸಮನಾಗಿ ಹಂಚಿದರೆ ಒಬ್ಬನ ಪಾಲಿಗೆ ಎಷ್ಟು? ಚಿನ್ನದ ಮೊತ್ತವನ್ನು ಅವನು ಇಷ್ಟು ಕೋಟಿ, ಇಷ್ಟು ಲಕ್ಷ ಎಂದು ಹೇಳುವುದೇ ಇಲ್ಲ. ಬರೆದಿಟ್ಟರೆ ಅದು ಹೇಗೆ ಕಾಣುತ್ತದೆ ಎಂಬುದನ್ನಷ್ಟೇ ಹೇಳಿ ಸುಮ್ಮನಾಗುತ್ತಾನೆ. ಬರೆದರೆ 12345654321, ಓದಿದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಸೆಕೆಂಡಿಗೆ ಒಂದರಂತೆ ಬಿಡುವಿಲ್ಲದೆ ಎಣಿಸಿದರೂ ಮುಗಿಸಲು 391 ವರ್ಷ ದಾಟುತ್ತದೆ. 441ರಿಂದ ಭಾಗಿಸಿದರೆ ಶೇಷವಿಲ್ಲದೆ ಬರುವ ಉತ್ತರ 27994681, ಅದರ ಮುಖದಲ್ಲಿ ಯಾವ ಚಂದವೂ ಇಲ್ಲ. ಅಲ್ಲಿಂದ ಒಂದು ಹಳೆಯ ಪ್ರಶ್ನೆ ಏಳುತ್ತದೆ. ಏರಿ ಇಳಿಯುವ ಈ ಅಂದ ಸಂಖ್ಯೆಗೆ ಸೇರಿದ್ದೋ, ನಾವು ಅದನ್ನು ಬರೆಯುವ ಕ್ರಮಕ್ಕೆ ಸೇರಿದ್ದೋ? ಗಣಿತ ಬಲ್ಲವರು ಸಾಮಾನ್ಯವಾಗಿ ಎರಡನೆಯ ಉತ್ತರ ಕೊಟ್ಟು ಪುಟ ಮಗುಚುತ್ತಾರೆ. ಆ ಉತ್ತರ ಪೂರ್ತಿ ತಪ್ಪಲ್ಲ, ಆದರೆ ಆತುರದ್ದು. ಈ ಒಂದೇ ಸಂಖ್ಯೆಯನ್ನು ಹಿಡಿದು ಕೊನೆಯವರೆಗೆ ನೋಡಿದರೆ, ಅದರ ಕೆಲವು ಗುಣಗಳು ಬರಹದ ಜತೆ ಹೋಗುತ್ತವೆ, ಕೆಲವು ಸಂಖ್ಯೆಯ ಜತೆ ಉಳಿಯುತ್ತವೆ, ಇನ್ನು ಕೆಲವು ನಾವು ಹತ್ತರ ಲೆಕ್ಕದಲ್ಲಿ ಎಣಿಸುವುದರಿಂದಷ್ಟೇ ಹುಟ್ಟಿವೆ. ಯಾವುದು ಯಾವ ಗುಂಪಿನದು ಎಂದು ಬೇರ್ಪಡಿಸುವ ಪರೀಕ್ಷೆಯೂ ಇದೆ.

ಗ್ರಂಥದ ಬಗ್ಗೆ ಎರಡು ಮಾತು. ಮಹಾವೀರಾಚಾರ್ಯ ಜೈನ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಹೊಗಳಿ ಗ್ರಂಥ ಆರಂಭಿಸುತ್ತಾನೆ, ಆದ್ದರಿಂದ ಕಾಲ ಕ್ರಿ.ಶ. 850ರ ಆಸುಪಾಸು. ಅದೇ ಅರಸನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ವೂ ಹುಟ್ಟಿತು, ಕನ್ನಡಿಗರು ಅದನ್ನು ನೆನೆಯುವಷ್ಟು ಈ ಸಂಸ್ಕೃತ ಗಣಿತಗ್ರಂಥವನ್ನು ನೆನೆಯುವುದಿಲ್ಲ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಇದನ್ನು ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಬಂದದ್ದು 2000ರಲ್ಲಿ, ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಿಂದ. ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತಿದರೆ ಸಿಗುವುದು ಹೊಸನಗರ ತಾಲ್ಲೂಕು, ಹೊಂಬುಜ ಇರುವುದು ಅಲ್ಲೇ. ಘಟ್ಟದ ಕೆಳಗೆ, ಇಂದು ಸಿದ್ಧಿವಿನಾಯಕನಿಂದ ಹೆಸರಾದ ಹಟ್ಟಿಯಂಗಡಿಯಲ್ಲೂ ಜೈನ ಬಸದಿಯಿದೆ. ಘಟ್ಟದ ಮೇಲೂ ಕೆಳಗೂ ಹಬ್ಬಿದ್ದ ಆ ಪರಂಪರೆಗೆ ದೊಡ್ಡ ಸಂಖ್ಯೆಗಳ ಮೇಲೆ ವಿಶೇಷ ಒಲವಿತ್ತು, ಲೋಕದ ಅಳತೆ, ಕಾಲದ ಅಳತೆ ಎಲ್ಲಕ್ಕೂ ಅವು ಬೇಕಿದ್ದವು. ಮಹಾವೀರಾಚಾರ್ಯ ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಡುತ್ತಾನೆ. ನಮ್ಮ ಸಂಖ್ಯೆಯ ಎಡತುದಿಯ ಒಂದು ನಿಲ್ಲುವುದು ಹನ್ನೊಂದನೆಯದಾದ ಅರ್ಬುದದ ಮನೆಯಲ್ಲಿ. ಇಂದಿನ ಅಳತೆಯಲ್ಲಿ ಇದು ದೊಡ್ಡ ಸಂಖ್ಯೆಯೇ ಅಲ್ಲ ಎನ್ನಬಹುದು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ, ಆವರೆಗೆ ಗೊತ್ತಿದ್ದವುಗಳಲ್ಲೇ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಲ್ಲಿ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆ. ಆದರೆ ಅಂಥದ್ದನ್ನು ಕಾಗದದ ಮೇಲೆ ಬಿಡಿಸಿ ನೋಡಲಾಗದು, ಹನ್ನೊಂದು ಅಂಕಿಯದನ್ನು ನೋಡಬಹುದು.

ಏರಿಳಿತದ ಕಾರಣ ಸರಳ. 12345654321 ಎಂದರೆ 111111ರ ವರ್ಗ. 111111 ಅನ್ನು ಅದರಿಂದಲೇ ಶಾಲೆಯ ಕ್ರಮದಲ್ಲಿ ಗುಣಿಸಿದರೆ ಆರು ಸಾಲು ಬೀಳುತ್ತವೆ. ಪ್ರತಿ ಸಾಲೂ 111111, ಒಂದೊಂದೂ ಮೇಲಿನದಕ್ಕಿಂತ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಈಗ ಕಂಬಕಂಬವಾಗಿ ಕೂಡಿಸಬೇಕು. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ಆರನೆಯ ಕಂಬದಲ್ಲಿ ಆರೂ ಸಾಲುಗಳ ಒಂದುಗಳು ಸೇರಿ ಆರು. ಅಲ್ಲಿಂದಾಚೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುವುದರಿಂದ ಐದು, ನಾಲ್ಕು, ಮೂರು, ಎರಡು, ಒಂದು. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟುವುದಿಲ್ಲ, ಕೈಯಲ್ಲಿ ಏನೂ ಉಳಿಯುವುದಿಲ್ಲ, ಹಾಗಾಗಿ ಎಣಿಕೆ ಇದ್ದ ಹಾಗೇ ಅಂಕಿಯಾಗಿ ಇಳಿಯುತ್ತದೆ. ಒಂಬತ್ತು ಒಂದುಗಳವರೆಗೂ ಹೀಗೇ ನಡೆಯುತ್ತದೆ. ಹತ್ತು ಒಂದುಗಳನ್ನು ಇಟ್ಟು ವರ್ಗ ಮಾಡಿದರೆ 1234567900987654321: ನಡುವಿನ ಕಂಬ ಹತ್ತಾಗಿ ದಶಕ ಎಡಕ್ಕೆ ಹೋಯಿತು, ಶಿಖರ ಕುಸಿಯಿತು. ಗಮನಿಸಬೇಕಾದದ್ದು ಏನೆಂದರೆ, ಈ ವಿವರಣೆಯಲ್ಲಿ ಹತ್ತು ಬಂದದ್ದು ಒಂದೇ ಕಡೆ, ದಶಕ ಏಳುವುದಿಲ್ಲ ಎನ್ನುವಾಗ. ಏಳರ ಆಧಾರದಲ್ಲಿ ಬರೆಯುವ ಜನ ಇದ್ದಾರೆ ಎಂದುಕೊಳ್ಳಿ. ಅವರ ಬಳಿ ಸೊನ್ನೆಯಿಂದ ಆರರವರೆಗಿನ ಅಂಕಿಗಳಿವೆ, ಸ್ಥಾನಗಳು ಒಂದು, ಏಳು, ನಲವತ್ತೊಂಬತ್ತು ಹೀಗೆ ಏರುತ್ತವೆ. ಅವರೂ 111111 ಎಂದು ಬರೆದು ವರ್ಗ ಮಾಡಿದರೆ ಸಿಗುವುದು 12345654321 ಎಂಬ ಇದೇ ಬರಹ. ನಮ್ಮ ಲೆಕ್ಕದಲ್ಲಿ ಅವರ 111111 ಎಂದರೆ 19608, ಅದರ ವರ್ಗ 38,44,73,664. ಎಂಟರ ಆಧಾರದವರಿಗೂ ಇದೇ ಆಕಾರ, ಬೆಲೆ 1,40,24,27,601. ಏಳು ಮತ್ತು ಅದಕ್ಕೆ ಮೇಲ್ಪಟ್ಟ ಎಲ್ಲ ಆಧಾರಗಳಲ್ಲೂ ಆಕಾರ ಅದೇ, ಸಂಖ್ಯೆ ಬೇರೆ. ಆಧಾರ ಬದಲಿಸಿ ನೋಡುವುದೇ ನಾನು ಹೇಳಿದ ಪರೀಕ್ಷೆ. ಅದರಲ್ಲಿ ಏರಿಳಿತದ ಗುಣ ಗೆಲ್ಲುತ್ತದೆ, ಆದರೆ ಒಂದು ಸಂಖ್ಯೆಯ ಗುಣವಾಗಿ ಗೆಲ್ಲುವುದಿಲ್ಲ. ಅದು ಬೀಜಗಣಿತದ ಒಂದು ಸಮೀಕರಣ, ಪ್ರತಿ ಆಧಾರದಲ್ಲೂ ಒಂದೊಂದು ಸಂಖ್ಯೆಯ ಮೇಲೆ ಬಂದು ಕೂರುತ್ತದೆ.

ಮಹಾವೀರಾಚಾರ್ಯನಿಗೆ ಇದು ಗೊತ್ತಿತ್ತೇ? ಬೇರೆ ಆಧಾರಗಳ ಯೋಚನೆ ಅವನಿಗಿತ್ತು ಎನ್ನಲು ಆಧಾರವೇ ಇಲ್ಲ. ಆದರೆ ಲೆಕ್ಕವನ್ನು ಅವನು ಉತ್ತರದ ಕಡೆಯಿಂದ ಹಿಂದಕ್ಕೆ ಕಟ್ಟಿದ್ದಾನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ವರ್ಗವನ್ನು ಎರಡು ವರ್ಗಗಳಾಗಿಯೇ ಒಡೆದದ್ದು ಕೈತಪ್ಪಿ ಆದದ್ದಲ್ಲ. ಗುಣಾಕಾರದ ಭಾಗದಲ್ಲಿ ಅವನು ಕೊಡುವ ಇದೇ ಜಾತಿಯ ಲೆಕ್ಕಗಳನ್ನು ಜತೆಗಿಟ್ಟರೆ ವಿಷಯ ಇನ್ನೂ ಸ್ಪಷ್ಟ. 12345679 ಅನ್ನು 9ರಿಂದ ಗುಣಿಸಿದರೆ 111111111. 152207 ಅನ್ನು 73ರಿಂದ ಗುಣಿಸಿದರೆ 11111111. 142857143 ಅನ್ನು 7ರಿಂದ ಗುಣಿಸಿದರೆ 1000000001. 333333666667 ಅನ್ನು 33ರಿಂದ ಗುಣಿಸಿದರೆ 11000011000011. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಉತ್ತರಗಳನ್ನು ಅವನು ಅರಸನ ಕೊರಳಹಾರ ಎನ್ನುತ್ತಾನೆ. ಹಾರವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು, ಅದನ್ನು ಭಾಗಿಸುವ ಚಿಕ್ಕ ಸಂಖ್ಯೆ ಹುಡುಕಿ, ಉಳಿದದ್ದನ್ನು ಶಿಷ್ಯನ ಕೈಗೆ ಕೊಟ್ಟಿದ್ದಾನೆ. ಹಾಗೆಂದು ‘ನಮ್ಮವರಿಗೆ ಎಲ್ಲವೂ ಗೊತ್ತಿತ್ತು’ ಎಂದು ಕೊಂಬು ಊದಬೇಕಾಗಿಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದ ಹಾಗೇ ಉಳಿಯುತ್ತದೆ ಎಂದು ಬರೆದವನೂ ಇವನೇ. ಚಿನ್ನದ ಲೆಕ್ಕದಲ್ಲಿ ನನಗೆ ಮುಖ್ಯವೆನಿಸುವುದು ಬೇರೆ: ಅಂಕಿಗಳ ಏರಿಳಿತ ಹೇಳಿದರೆ ಸಾಕು, ಓದುಗ ಸಂಖ್ಯೆಯನ್ನು ತಾನೇ ಬರೆದುಕೊಳ್ಳುತ್ತಾನೆ ಎಂಬ ಧೈರ್ಯ. ಸ್ಥಾನಬೆಲೆಯ ಬರಹ ಒಂಬತ್ತನೆಯ ಶತಮಾನದ ಕರ್ನಾಟಕದಲ್ಲಿ ಎಷ್ಟು ರೂಢಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಅಂಕಿಗಳ ಆಟಕ್ಕೆ ಅತ್ಯಂತ ಪ್ರಸಿದ್ಧ ಆಕ್ಷೇಪ ಜಿ.ಎಚ್. ಹಾರ್ಡಿಯದು. 1940ರಲ್ಲಿ ಗಣಿತಜ್ಞನೊಬ್ಬನ ಸಮರ್ಥನೆಯಾಗಿ ಬರೆದ ಪುಸ್ತಕದಲ್ಲಿ ಅವನು ಎರಡು ಸಂಖ್ಯೆಗಳನ್ನು ಎತ್ತಿಕೊಳ್ಳುತ್ತಾನೆ. 8712 ಎಂದರೆ ತಿರುಗಿಸಿ ಬರೆದ 2178ರ ನಾಲ್ಕರಷ್ಟು. 9801 ಎಂದರೆ 1089ರ ಒಂಬತ್ತರಷ್ಟು. ನಾಲ್ಕಂಕಿಯ ಸಂಖ್ಯೆಗಳಲ್ಲಿ ಹೀಗಾಗುವುದು ಇವೆರಡೇ. ಪತ್ರಿಕೆಯ ಒಗಟಿನ ಅಂಕಣಕ್ಕೆ ಇದು ಸರಿ, ಗಣಿತಜ್ಞನಿಗೆ ಇದರಲ್ಲಿ ಏನೂ ಇಲ್ಲ ಎಂಬುದು ಅವನ ತೀರ್ಪು. ಟ್ಯಾಕ್ಸಿಯ 1729 ನೀರಸ ಎಂದು ಹೇಳಿ ರಾಮಾನುಜನ್ನರಿಂದ ಪಾಠ ಹೇಳಿಸಿಕೊಂಡವನೂ ಅವನೇ. ಆದರೆ 1729ರ ಗುಣ ಘನಗಳದ್ದು, ಅಂಕಿಗಳದ್ದಲ್ಲ, ಆದ್ದರಿಂದ ಅದನ್ನು ಇಲ್ಲಿ ಅವನ ವಿರುದ್ಧ ಬಳಸುವುದು ನ್ಯಾಯವಲ್ಲ. ಅವನ ಉದಾಹರಣೆಯನ್ನೇ ಆಧಾರ ಬದಲಿಸುವ ಪರೀಕ್ಷೆಗೆ ಇಡೋಣ. ಎಂಟರ ಆಧಾರದಲ್ಲಿ 1067 ಎಂದು ಬರೆದು 7ರಿಂದ ಗುಣಿಸಿದರೆ 7601 ಬರುತ್ತದೆ, ಅದೇ ತಿರುಗಿದ ಬರಹ. ನಮ್ಮ ಲೆಕ್ಕದಲ್ಲಿ 567ನ್ನು 7ರಿಂದ ಗುಣಿಸಿದರೆ 3969. ಯಾವ ಆಧಾರ ಹಿಡಿದರೂ, ಆಧಾರದ ವರ್ಗದಿಂದ ಒಂದು ಕಳೆದು, ಬಂದದ್ದನ್ನು ವರ್ಗ ಮಾಡಿದರೆ ಇಂಥದೊಂದು ಸಂಖ್ಯೆ ಸಿಗುತ್ತದೆ. ಹತ್ತಕ್ಕೆ 99ರ ವರ್ಗ 9801, ಎಂಟಕ್ಕೆ 63ರ ವರ್ಗ 3969. ಹಾರ್ಡಿ ಆಕಸ್ಮಿಕ ಎಂದು ತಳ್ಳಿದ ಎರಡರಲ್ಲಿ ಒಂದಾದರೂ ಎಲ್ಲ ಆಧಾರಗಳಿಗೂ ಸಲ್ಲುವ ಬೀಜಗಣಿತದ ಮಾತು. ಅವನ ಆಕ್ಷೇಪದಲ್ಲಿ ಹುರುಳಿಲ್ಲ ಎಂದಲ್ಲ. ದೇವಳಾಲಿಯ ಶಾಲಾ ಮಾಸ್ತರು ಡಿ.ಆರ್. ಕಾಪ್ರೇಕರ್ ಅವರ 6174ಕ್ಕೆ ಅದು ಬಹುಮಟ್ಟಿಗೆ ತಾಗುತ್ತದೆ, ಅಲ್ಲಿನ ಗುಣ ನಾಲ್ಕಂಕಿಗೂ ಹತ್ತರ ಆಧಾರಕ್ಕೂ ಅಂಟಿಕೊಂಡಿದೆ. ಹಾರ್ಡಿಯ ತಪ್ಪು, ಎಲ್ಲ ಅಂಕಿಗುಣಗಳನ್ನೂ ಒಂದೇ ಗೋಣಿಗೆ ತುಂಬಿದ್ದು.

ಮುಖ ಬಿಟ್ಟು ಒಳಗೆ ಹೋದರೆ 111111ರ ಅವಿಭಾಜ್ಯ ಅಪವರ್ತನಗಳು ಐದು: 3, 7, 11, 13, 37. ಇವು ಎಲ್ಲಿಂದ ಬಂದವು? ಆರು ಒಂದುಗಳ ಬರಹ ಯಾವ ಆಧಾರದಲ್ಲೂ ಮೂರು ತುಂಡಾಗುತ್ತದೆ: ಆಧಾರಕ್ಕೆ ಒಂದು ಕೂಡಿಸಿದ್ದು, ಆಧಾರದ ವರ್ಗಕ್ಕೆ ಆಧಾರವನ್ನೂ ಒಂದನ್ನೂ ಕೂಡಿಸಿದ್ದು, ಆಧಾರದ ವರ್ಗದಿಂದ ಆಧಾರ ಕಳೆದು ಒಂದು ಕೂಡಿಸಿದ್ದು. ಹತ್ತಕ್ಕೆ ಇವು 11, 111, 91. ಏಳಕ್ಕೆ 8, 57, 43. ಎಂಟಕ್ಕೆ 9, 73, 57. ಇಲ್ಲಿಯವರೆಗಿನ ಒಡೆತ ಆಕಾರದ್ದು. 111 ಮತ್ತೆ 3 ಮತ್ತು 37 ಆಗುವುದು, 91 ಮತ್ತೆ 7 ಮತ್ತು 13 ಆಗುವುದು ಹತ್ತರ ಸ್ವಂತ ವಿಷಯ. ಹತ್ತರ ಜತೆ ಇವುಗಳ ನಂಟನ್ನು ಶಾಲೆಯ ಆವರ್ತ ದಶಮಾಂಶದಲ್ಲೇ ನೋಡಬಹುದು. ಒಂದನ್ನು 3ರಿಂದ ಭಾಗಿಸಿದರೆ ಒಂದೇ ಅಂಕಿ ಮರುಕಳಿಸುತ್ತದೆ, 11ರಿಂದ ಭಾಗಿಸಿದರೆ 09, 37ರಿಂದ 027, 7ರಿಂದ 142857, 13ರಿಂದ 076923. ಆರು ಹೆಜ್ಜೆಯೊಳಗೆ, ಆರನ್ನು ಸಮನಾಗಿ ಭಾಗಿಸುವ ಉದ್ದದಲ್ಲಿ ದಶಮಾಂಶ ಮರುಕಳಿಸುವ ಅವಿಭಾಜ್ಯಗಳು ಈ ಐದೇ, ಆರನೆಯದಿಲ್ಲ. 17ಕ್ಕೆ 16 ಅಂಕಿ ಬೇಕು. ಹಾಗಾಗಿ ಮಹಾವೀರಾಚಾರ್ಯನ ಚಿನ್ನದ ಮೊತ್ತವನ್ನು ಅಂಕಿಯ ಆಕಾರದ ಮಾತೇ ಎತ್ತದೆಯೂ ವರ್ಣಿಸಬಹುದು: ಆ ಐದು ಅವಿಭಾಜ್ಯಗಳ ಗುಣಲಬ್ಧದ ವರ್ಗ. ಅವನ ಹಾರವೊಂದರಲ್ಲಿ 7, 142857143 ಕಾಣುವುದೂ ಇದೇ ಕಾರಣಕ್ಕೆ.

ಇನ್ನೊಂದು ಆಕ್ಷೇಪ ಹಾರ್ಡಿಯದಕ್ಕಿಂತ ಬಲವಾದದ್ದು. ಯಾವ ದೊಡ್ಡ ಸಂಖ್ಯೆಯನ್ನಾದರೂ ಕೆದಕುತ್ತ ಹೋದರೆ ಏನಾದರೊಂದು ಸಿಗುತ್ತದೆ, ಸಿಕ್ಕಿದ್ದನ್ನೇ ವಿಶೇಷ ಎಂದು ತೋರಿಸುವುದು ಸುಲಭ. ಪರೀಕ್ಷಿಸಲು ಯಾರೂ ಚಂದಕ್ಕಾಗಿ ಆರಿಸದ ಸಂಖ್ಯೆ ಬೇಕು. ಬೆಂಗಳೂರಿನ ಶಕುಂತಲಾ ದೇವಿ ಅವರು ಅಂಥದೊಂದನ್ನು ಬಿಟ್ಟುಹೋಗಿದ್ದಾರೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದವರು ಮನಬಂದಂತೆ ಆಯ್ದ ಎರಡು ಹದಿಮೂರಂಕಿ ಸಂಖ್ಯೆಗಳನ್ನು, 7686369774870 ಮತ್ತು 2465099745779, ಅವರು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದ ಉತ್ತರ 18947668177995426462773730. ಈ 26 ಅಂಕಿಗಳನ್ನು ಕೂಡಿಸಿದರೆ 138, ಅದನ್ನು 9ರಿಂದ ಭಾಗಿಸಿದರೆ ಶೇಷ 3. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಶೇಷ 6. ಎರಡನೆಯದರದು 74, ಶೇಷ 2. ಆರೆರಡ್ಲಿ ಹನ್ನೆರಡು, ಶೇಷ 3. ತಾಳೆ ಬಿತ್ತು. ಬಲದಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ ಕಳೆದರೆ ಸೊನ್ನೆ, ಅಂದರೆ 11ರಿಂದ ಭಾಗವಾಗುತ್ತದೆ. ಕೊನೆಯಲ್ಲಿ ಸೊನ್ನೆಯಿದೆ, 3ರಿಂದಲೂ ಭಾಗವಾಗುತ್ತದೆ, ಆದ್ದರಿಂದ 330ರಿಂದ ಭಾಗವಾಗುತ್ತದೆ. ಹೌದು, ಕೆದಕಿದರೆ ಏನೋ ಸಿಕ್ಕಿತು. ಆದರೆ ಮೂರರಲ್ಲೊಂದು ಸಂಖ್ಯೆ 3ರಿಂದ, ಹನ್ನೊಂದರಲ್ಲೊಂದು 11ರಿಂದ ಭಾಗವಾಗುವುದು ಲೋಕರೂಢಿ. ಇಲ್ಲಿ ಸಿಕ್ಕ ಒಂದು ಗುಣ ಇನ್ನೊಂದನ್ನು ವಿವರಿಸುವುದಿಲ್ಲ, ಬಿಡಿಬಿಡಿಯಾಗಿ ಬಿದ್ದಿವೆ. ಮಹಾವೀರಾಚಾರ್ಯನ ಸಂಖ್ಯೆಯಲ್ಲಿ ಅಂಕಿಗಳ ಮೊತ್ತ 36 ಆದದ್ದು, ಎಡಬಲ ಒಂದಾದದ್ದು, 11 ಮತ್ತು 91ರಿಂದ ಭಾಗವಾದದ್ದು, ಎಲ್ಲವೂ ಆರು ಒಂದುಗಳ ವರ್ಗ ಎಂಬ ಒಂದೇ ಬೇರಿನಿಂದ ಬಂದವು. ಸಿಕ್ಕಿದ್ದು ಎಷ್ಟು ಎಂದು ಎಣಿಸುವುದಕ್ಕಿಂತ ಸಿಕ್ಕಿದ್ದು ಪರಸ್ಪರ ಕಾರಣವಾಗಿದೆಯೇ ಎಂದು ಕೇಳುವುದು ಸರಿ.

ಬರಹ ಹೇಗಿದ್ದರೂ ಅಲುಗದ ಗುಣ ಈ ಸಂಖ್ಯೆಗಿದೆಯೇ? ಇದೆ, ಅದು ನೋಟಕ್ಕೆ ಸಿಗುವುದಿಲ್ಲ. ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದಾದ್ದರಿಂದ ಇದಕ್ಕೆ 243 ಭಾಜಕಗಳು. ಸಂಖ್ಯೆಯನ್ನೇ ಬಿಟ್ಟು ಉಳಿದ 242 ಭಾಜಕಗಳನ್ನು ಕೂಡಿಸಿದರೆ 1302 ಕೋಟಿ 98 ಲಕ್ಷ 70 ಸಾವಿರದ 672. ಸಂಖ್ಯೆಗಿಂತ 68 ಕೋಟಿ ಚಿಲ್ಲರೆ ಹೆಚ್ಚು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನ್ನನ್ನೇ ಮೀರುವ ಸಂಖ್ಯೆಗಳು ಸಮಸಂಖ್ಯೆಗಳಲ್ಲಿ ಧಾರಾಳ, ಬೆಸಸಂಖ್ಯೆಗಳಲ್ಲಿ ಅಪರೂಪ. ಸಾವಿರದೊಳಗೆ 945 ಒಂದೇ. ಈ ಗುಣ ಆಕಾರದ್ದಲ್ಲ ಎಂಬುದಕ್ಕೆ ಎಂಟರ ಆಧಾರದ ಅದೇ ಬರಹ ಸಾಕ್ಷಿ: 1,40,24,27,601ರ ಭಾಜಕಗಳು, ತಾನೂ ಸೇರಿ, ಕೂಡಿದರೆ ಅದರ 1.6 ಪಟ್ಟಿನಷ್ಟೇ, ಎರಡು ಪಟ್ಟು ಮುಟ್ಟುವುದಿಲ್ಲ. ಮುಖ ಒಂದೇ, ಒಡಲು ಬೇರೆ. 12345654321 ಅನ್ನು ದ್ವಿಮಾನದಲ್ಲಿ ಬರೆದು ಏರಿಳಿತವನ್ನೆಲ್ಲ ಅಳಿಸಿದರೂ ಭಾಜಕಗಳ ಮೊತ್ತದಲ್ಲಿ ಒಂದು ಬಿಂದುವೂ ಬದಲಾಗದು.

ಇಲ್ಲಿ 37ರ ಪಾತ್ರ ನೋಡಬೇಕು. ಅದನ್ನು ತೆಗೆದರೆ ಉಳಿಯುವುದು 3003ರ ವರ್ಗ, 9018009. ಅದರ ಎಲ್ಲ ಭಾಜಕಗಳ ಮೊತ್ತ 18035199, ಅದರ ಎರಡರಷ್ಟು 18036018. ಕೊರತೆ ಬರೀ 819. ಪರಿಪೂರ್ಣ ಸಂಖ್ಯೆ ಎಂದರೆ ಮೊತ್ತ ಸರಿಯಾಗಿ ಎರಡರಷ್ಟಾಗಬೇಕು, 6 ಮತ್ತು 28ರ ಹಾಗೆ. ಬೆಸ ಪರಿಪೂರ್ಣ ಸಂಖ್ಯೆ ಇಂದಿಗೂ ಒಂದೂ ಸಿಕ್ಕಿಲ್ಲ. ಇದ್ದರೆ ಅದರಲ್ಲಿ 1500ಕ್ಕೂ ಹೆಚ್ಚು ಅಂಕಿಗಳಿರಬೇಕು ಎಂದು 2012ರಲ್ಲಿ ಓಷೆಂ ಮತ್ತು ರಾವ್ ಸಾಧಿಸಿದರು. ವರ್ಗಸಂಖ್ಯೆ ಮಾತ್ರ ಎಂದೂ ಪರಿಪೂರ್ಣವಾಗದು, ಏಕೆಂದರೆ ಅದರ ಭಾಜಕಗಳ ಮೊತ್ತ ಯಾವಾಗಲೂ ಬೆಸ, ಎರಡರಷ್ಟು ಎಂಬುದು ಸಮ. ಆದರೂ 819ರ ಕೊರತೆಯನ್ನು ತುಂಬಲು ಒಂದು ಅವಿಭಾಜ್ಯದಿಂದ ಗುಣಿಸಿ ನೋಡಿದರೆ, ಬೇಕಾದದ್ದು 18035199ನ್ನು 819ರಿಂದ ಭಾಗಿಸಿದಷ್ಟು. ಶೇಷವಿಲ್ಲದೆ 22021 ಬರುತ್ತದೆ! 1638ರಲ್ಲಿ ಡೇಕಾರ್ಟ್ ಮೆರ್ಸೆನ್ನನಿಗೆ ಬರೆದದ್ದು ಇದನ್ನೇ: 9018009 ಮತ್ತು 22021ರ ಗುಣಲಬ್ಧವಾದ 198585576189, 22021 ಅವಿಭಾಜ್ಯವಾಗಿದ್ದಿದ್ದರೆ, ಬೆಸ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. ಆದರೆ 22021 ಎಂದರೆ 19ರ ವರ್ಗವನ್ನು 61ರಿಂದ ಗುಣಿಸಿದ್ದು.

ಮಳಖೇಡದ ಅರಸ ಅಮೋಘವರ್ಷನನ್ನು ಹೊಗಳಿದವನ ಚಿನ್ನದ ಲೆಕ್ಕಕ್ಕೂ ಡೇಕಾರ್ಟನ ಹುಸಿ ಪರಿಪೂರ್ಣ ಸಂಖ್ಯೆಗೂ 3003ರ ವರ್ಗ ಸಮಾನ. ಒಂದರಲ್ಲಿ ಅದಕ್ಕೆ 37ರ ವರ್ಗ ಅಂಟಿದೆ, ಇನ್ನೊಂದರಲ್ಲಿ 22021. ಇದರಲ್ಲಿ ಗೂಢವೇನಾದರೂ ಇದೆಯೇ ಎಂದು ಕೇಳಿದರೆ, ಇಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ. ಮಹಾವೀರಾಚಾರ್ಯನಿಗೆ 7, 11, 13 ಸಿಕ್ಕಿದ್ದು ಅವುಗಳ ಗುಣಲಬ್ಧ 1001 ಆದ್ದರಿಂದ, ಅದು ಹತ್ತರ ಕೃಪೆ. ಡೇಕಾರ್ಟನಿಗೆ ಅವು ಸಿಕ್ಕಿದ್ದು ಭಾಜಕಗಳ ಸರಪಣಿಯಿಂದ: 9ರ ಭಾಜಕಗಳ ಮೊತ್ತ 13, 169ರದು 183, ಅಂದರೆ 3 ಸಲ 61, 49ರದು 57, ಅಂದರೆ 3 ಸಲ 19, 121ರದು 133, ಅಂದರೆ 7 ಸಲ 19. ಆ ಎರಡು ಹತ್ತೊಂಬತ್ತು ಮತ್ತು ಒಂದು ಅರವತ್ತೊಂದೇ ಕೂಡಿ 22021 ಆದದ್ದು. ಈ ಸರಪಣಿಗೆ ಹತ್ತರ ಹಂಗಿಲ್ಲ. ಏಳರಲ್ಲಿ ಎಣಿಸುವವರಿಗೂ ಅದು ಇದ್ದ ಹಾಗೇ ಸಿಗುತ್ತಿತ್ತು, ಆದರೆ ಅವರು 12345654321 ಎಂದು ಬರೆದು ಕೂರಿಸಿದ ಸಂಖ್ಯೆಯೊಳಗೆ 3003 ಇರುತ್ತಿರಲಿಲ್ಲ.